ನಾವು ಕಂಡ ನಡುಗಡ್ಡೆ

ತುಮಕೂರಿನ ಶಿರಾ ಗೇಟಿನಲ್ಲಿ ಹುಟ್ಟಿ ಬೆಳೆದ ನಮಗೆ ನೀರೆಂದರೆ ಅಮಾನಿಕೆರೆ. ಅದೂ ಒಳ್ಳೆಯ ಮಳೆಯಾದ ವರುಷಗಳಲ್ಲಿ. ಆದುದರಿಂದ ಭೂಗೋಳದ ಉಪಾಧ್ಯಾಯಿನಿಯವರು ಶಾಂತಸಾಗರದ ಪಟವನ್ನು ತೂಗಹಾಕಿ, ಸಮೋವಾ, ಟಾಂಗಾ, ತಹೀತಿ ಎಂದು ಬೆತ್ತದ ತುದಿಯಿಂದ ತೋರಿಸುವಾಗ, ಅಲ್ಲಿಯವರು ಉಪ್ಪು ಮೆಣಸಿಗೆ ಎಲ್ಲಿಗೆ ಹೋಗುವರೆಂಬುದೇ ನಮ್ಮ ಚಿಂತೆಯಾಗಿತ್ತು. ಪಾಲಿನೇಷ್ಯವೆಂದರೆ ಅನೇಕ ದ್ವೀಪಗಳೆಂದು ಬರೆದುಕೊಂಡೆವು. ನಮ್ಮ ನಾಡಿನಲ್ಲಿಯೇ ಅಂಥದೊಂದು ಹಳ್ಳಿಯುಂಟೆಂದು ನಾವು ಅರಿಯೆವು.

ಮದುವೆಯೊಂದರ ನಿಮಿತ್ತ ಮಂಗಳೂರಿಗೆ ಹೋದ ನಾವು ಮೂವರು ಹಳೆಯ ಸಹಪಾಠಿಗಳು ಪಾವೂರು ಉಳಿಯಕ್ಕೆ ಹೋದೆವು. ಅದು ನೇತ್ರಾವತಿಯ ನಡುವಣ ಪುಟ್ಟ ಹಳ್ಳಿ. ಇಂಥ ನಡುಗಡ್ಡೆಯನ್ನು ತುಳುವರು ಕುದ್ರು ಎನ್ನುವರು. ಒಂದು ದಡದಲ್ಲಿ ಅಡ್ಯಾರು, ಇನ್ನೊಂದರಲ್ಲಿ ಪಾವೂರು, ಹರೇಕಳ. ಇಲ್ಲಿಯವರು ಬಹುಮಟ್ಟಿಗೆ ಕ್ರೈಸ್ತರು. ಅವರಿಗೊಂದು ಚಿಕ್ಕ ದೇವಾಲಯವುಂಟು. ಮಳೆಗಾಲ ಕಳೆದ ಮೇಲೆ ಊರವರು ಸೇರಿ ತಾತ್ಕಾಲಿಕ ಕಾಲುಸೇತುವೆ ಕಟ್ಟುವರು, ಮತ್ತೆ ಮಳೆಗೆ ಮುಂಚೆ ಬಿಚ್ಚುವರು. ನಾವು ಹೋದಾಗ ಸೇತುವೆಯಿನ್ನೂ ಆಗಿರಲಿಲ್ಲ. ದೋಣಿಯಲ್ಲಿ ಜೀವ ಕೈಯಲ್ಲಿ ಹಿಡಿದು ಕುಳಿತೆವು. ನಮ್ಮೊಡನಿದ್ದ ಶಾಲೆಯ ಹುಡುಗಿಯು ನಮ್ಮನ್ನು ನೋಡಿ ನಕ್ಕಳು.

ಹರೇಕಳವೆಂದರೆ ಹಾಜಬ್ಬನವರ ಊರು. ಓದುಬಾರದ ಅವರು ಮಂಗಳೂರಿನಲ್ಲಿ ಕಿತ್ತಳೆ ಮಾರಿ ಕೂಡಿಸಿದ ಹಣದಿಂದ ತಮ್ಮೂರ ಮಕ್ಕಳಿಗೆ ಶಾಲೆ ಮಾಡಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಿಸಲಾಯಿತು. ಪುಣ್ಯಾತ್ಮರು!

ಒಂದು ಮನೆಯ ವೃದ್ಧೆಯು ಎಳನೀರು ಕೊಟ್ಟು, ನಮ್ಮನ್ನು ತೋಟದ ಅಂಚಿಗೆ ಕರೆದೊಯ್ದಳು. ಬೇರು ಹೊರಬಿದ್ದ ತೆಂಗಿನ ಮರಗಳು ಹೊಳೆಯ ಕಡೆಗೆ ಬಾಗಿದ್ದವು. ಅವುಗಳಾಚೆಗಿನ ನೀರನ್ನು ತೋರಿಸಿ, "ಅದು ನಮ್ಮ ತೋಟ" ಎಂದಳು. "ಆಗಿತ್ತು" ಎನ್ನಲಿಲ್ಲ. ಹೊಳೆಯ ತಳದಿಂದ ಮರಳನ್ನು ಅಗೆದೊಯ್ದಂತೆ ದಡವು ಅಡಿಯಿಂದಲೇ ಕುಸಿಯುವುದಂತೆ. ಪಾಲಿನೇಷ್ಯದ ಟುವಾಲುವಿನವರು ಕಡಲು ಏರುತ್ತಿದೆಯೆಂದು ಅಂಜುತ್ತಿರುವರು. ಇಲ್ಲಿ ನೆಲವೇ ಲಾರಿಗಳಲ್ಲಿ ಹೊರಟುಹೋಗುತ್ತದೆ. ನಮ್ಮ ಮನೆಗೆ ಮಾಳಿಗೆ ಕಟ್ಟಿಸಿದಾಗ ಮರಳು ಎಲ್ಲಿಯದೆಂದು ನಾವು ಕೇಳಿರಲಿಲ್ಲ. ದರವನ್ನು ಮಾತ್ರ ಕೇಳಿದ್ದೆವು.

ಮುದುಕಿಗೆ ಇದನ್ನು ಹೇಳಲು ನಾಚಿಕೆಯಾಯಿತು. ಹೊರಡುವಾಗ ಅವಳು, "ನಿಮ್ಮ ಊರಲ್ಲಿ ಹೊಳೆಯುಂಟೋ?" ಎಂದಳು. ಇಲ್ಲವೆಂದೆವು. "ನೀವು ಅದೃಷ್ಟವಂತರು" ಎಂದಳು. ಬಿಂದಿಗೆ ಹಿಡಿದು ನಲ್ಲಿಯ ಮುಂದೆ ಸರದಿ ನಿಂತು ಬೆಳೆದ ನಾವು ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ದೋಣಿ ಹತ್ತಿದೆವು. ಅಡ್ಯಾರಿನ ಬಸ್ಸಿನ ಕೂಗು ಆಗಲೇ ಕೇಳುತ್ತಿತ್ತು.