ಅಡಿಕೆಯ ಧಾರಣೆ, ಮಗನ ತಾರೀಖು

ಸಾಗರದ ಪೇಟೆಯಲ್ಲಿ ರಾಶಿ ಎಷ್ಟಾಯಿತು, ಬೆಟ್ಟೆ ಏರಿತೋ ಇಳಿಯಿತೋ ಎಂದು ನೋಡುವುದು ನಮ್ಮ ಮನೆಯ ಹಳೆಯ ಚಟ. ಹತ್ತು ವರ್ಷದಿಂದ ಅದಕ್ಕೆ ಜೊತೆಯೊಂದು ಸಿಕ್ಕಿದೆ: ಅಮೆರಿಕ ಸರ್ಕಾರ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್. ಅದರಲ್ಲಿ ಭಾರತದ ಹೆಸರಿನ ಕೆಳಗೆ ಒಂದು ತಾರೀಖು ಇರುತ್ತದೆ. ಅದಕ್ಕಿಂತ ಮೊದಲು ಅರ್ಜಿ ಬಿದ್ದವರಿಗೆ ಮಾತ್ರ ಗ್ರೀನ್ ಕಾರ್ಡ್. ಮಗನದು 2015ರ ಅರ್ಜಿ.

2022ರ ಸೆಪ್ಟೆಂಬರಿನಲ್ಲಿ ಅವನ ಸಾಲಿನ ತಾರೀಖು 2014ರ ಡಿಸೆಂಬರಿಗೆ ಬಂದಿತ್ತು. ನನ್ನ ಹೆಂಡತಿ ಹೋಳಿಗೆಗೆ ಬೇಳೆ ಬೇಯಿಸುವುದೊಂದು ಬಾಕಿ. ಅಕ್ಟೋಬರಿನಲ್ಲಿ ನೋಡಿದರೆ 2012ರ ಏಪ್ರಿಲ್! ಧಾರಣೆ ಬೀಳುವುದನ್ನು ಕಂಡಿದ್ದೆ, ಕ್ಯಾಲೆಂಡರೇ ಬಿದ್ದದ್ದನ್ನು ಕಂಡಿರಲಿಲ್ಲ.

ಅಮೆರಿಕವೆಂಬ ಆ ಮನೆಯ ಬಾಗಿಲು ಮೊದಲಿನಿಂದಲೂ ಹಾಗೆಯೇ. 1917ರ ಕಾಯ್ದೆ ನಮ್ಮಂಥ ಏಷ್ಯಾದವರನ್ನು ಹೊರಗಿಟ್ಟಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಭಗತ್ ಸಿಂಗ್ ಥಿಂದ್ ಪೌರತ್ವ ಕೇಳಿದರೆ, ಈತ ಬಿಳಿಯನಲ್ಲ ಎಂದು 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿತು. 1946ರಲ್ಲಿ ಕನಿಕರ ಹುಟ್ಟಿ ಇಡೀ ಭಾರತಕ್ಕೆ ವರ್ಷಕ್ಕೆ 100 ಜನ ಎಂದರು. ನಮ್ಮ ಕಡೆ ಮದುವೆಯ ಮೊದಲ ಪಂಕ್ತಿಗೂ ಅದು ಸಾಲದು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರು ನಿಂತು ಸಾಗರ, ಹೊಸನಗರದ ಊರೂರೇ ಮುಳುಗಡೆಯಾದವು. ಹೊಸನಗರದ ಕಡೆಯಿದ್ದ ನನ್ನ ಅಜ್ಜನಮನೆಯೂ ಹೋಯಿತು. ಸೋದರಮಾವ ಹೆಬ್ಬಾಗಿಲ ಚೌಕಟ್ಟು ಕಿತ್ತು ಲಾರಿಗೆ ಹಾಕಿಕೊಂಡು ಶಿವಮೊಗ್ಗದ ಕಡೆ ಹೋದ. ಅವನನ್ನು ಯಾರೂ ವೀಸಾ ಕೇಳಲಿಲ್ಲ. ಹೊರಡು ಎಂದರು, ಅಷ್ಟೆ. ಮರುವರ್ಷ ಅಕ್ಟೋಬರಿನಲ್ಲಿ ಅಧ್ಯಕ್ಷ ಜಾನ್ಸನ್ ಲಿಬರ್ಟಿ ಪ್ರತಿಮೆಯ ಬುಡದಲ್ಲಿ ಕೂತು ಹೊಸ ಕಾಯ್ದೆಗೆ ಸಹಿ ಹಾಕಿದರು. ಹುಟ್ಟಿದ ದೇಶ ನೋಡಿ ಪಾಲು ಹಾಕುವ ಪದ್ಧತಿ ಹೋಗಿ, ವಿದ್ಯೆಗೂ ನೆಂಟಸ್ತನಕ್ಕೂ ಬೆಲೆ ಬಂತು. ಮಾವನಿಗೆ ಸುದ್ದಿ ತಲುಪಲಿಲ್ಲ. ತಲುಪಿದ್ದರೂ, ಅವನಿಗೆ ಬೇಕಿದ್ದುದು ಆ ಚೌಕಟ್ಟು ನಿಲ್ಲಿಸಲು ಒಂದು ಗೋಡೆ.

ಮಗ ಹೋದದ್ದು 1990ರ ಕಾಯ್ದೆ ರೂಪಿಸಿದ ಎಚ್-1ಬಿ ದಾರಿಯಲ್ಲಿ. ಕೆಲಸಕ್ಕೆ ಹೋದವರಿಗೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್, ಯಾವ ದೇಶಕ್ಕೂ ಶೇ. 7ಕ್ಕಿಂತ ಹೆಚ್ಚಿಲ್ಲ ಎಂದದ್ದೂ ಅದೇ ಕಾಯ್ದೆ. ಭಾರತಕ್ಕೂ ಐಸ್‌ಲ್ಯಾಂಡಿಗೂ ಒಂದೇ ಸೌಟು. ಬಡಿಸುವವನಿಗೆ ಸಮಾಧಾನ, ನಮ್ಮ ಪಂಕ್ತಿಯ ಕೊನೆಯ ಎಲೆಗೆ ಅನ್ನ ಬರುವುದು ಯಾವಾಗಲೋ.

ತೀರ್ಥಹಳ್ಳಿಯ ಸೊಸೆ ಇಂಜಿನಿಯರಿಂಗ್ ಓದಿಯೂ ಮೂರು ವರ್ಷ ಅಲ್ಲಿ ಬರೀ ದೋಸೆ ಹೊಯ್ದಳು. ಅವಲಂಬಿತರ ವೀಸಾದವರು ದುಡಿಯುವಂತಿರಲಿಲ್ಲ. 2015ರ ಮೇ ತಿಂಗಳಲ್ಲಿ ಅಂಥವರಿಗೂ ಅನುಮತಿ ಸಿಕ್ಕಿತು, ಗಂಡ ಗ್ರೀನ್ ಕಾರ್ಡಿನ ಸಾಲಿನಲ್ಲಿದ್ದರೆ ಮಾತ್ರ. ಮಗ ಕಂಪನಿಗೆ ದುಂಬಾಲು ಬಿದ್ದು ಆ ವರ್ಷವೇ ಸಾಲಿಗೆ ಸೇರಿದ್ದು ಅದಕ್ಕೇ. ಅಲ್ಲೇ ಹುಟ್ಟಿದ ಎಂಟು ವರ್ಷದ ಮೊಮ್ಮಗ ಮಾತ್ರ ತೊಟ್ಟಿಲಿನಿಂದಲೇ ಅಮೆರಿಕದ ಪ್ರಜೆ. ಇಪ್ಪತ್ತೊಂದು ತುಂಬಿದರೆ ಅವನೇ ಅಪ್ಪನಿಗೆ ಅರ್ಜಿ ಹಾಕಬಹುದಂತೆ. ಯಾವುದು ಮೊದಲಾಗುತ್ತದೆ ಎಂದು ನನಗೂ ಬೀಗರಿಗೂ ಐನೂರು ರೂಪಾಯಿಯ ಪಂಥವಿದೆ.

2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಎಂಬ ಘೋಷಣೆ ಬಂತು. ಹಳಬರಿಗಲ್ಲ ಎಂದು ಆಮೇಲೆ ಸ್ಪಷ್ಟವಾಯಿತು. ಅಷ್ಟರಲ್ಲಿ ಮಗ ದೊಡ್ಡಹಬ್ಬದ ಟಿಕೆಟ್ ರದ್ದು ಮಾಡಿಯಾಗಿತ್ತು. ಗೋಪೂಜೆಯ ದಿನ ಫೋನನ್ನು ಕೊಟ್ಟಿಗೆಗೆ ಹಿಡಿದುಕೊಂಡು ಹೋದೆ. ಗೌರಿ ಅದನ್ನು ಮೂಸಿ, ನೆಕ್ಕಿಬಿಟ್ಟಿತು. ಆಚೆ ಬದಿ ಮೊಮ್ಮಗ ಹೋ ಎಂದು ಕೂಗಿದ.

ಮಗ ಸಾಲಿಗೆ ಸೇರಿದ ಮಳೆಗಾಲದಲ್ಲೇ ನಾನು ಕೆಳಗಿನ ತೋಟಕ್ಕೆ ಅಡಿಕೆ ಸಸಿ ಇಟ್ಟಿದ್ದೆ. ಈಗ ಕೊನೆಗೌಡ ಅವನ್ನು ಹತ್ತಿ ಇಳಿಯುತ್ತಾನೆ.

“ಕೆಳಗಿನ ತೋಟದ್ದು ಕೊಯ್ಲಾಯ್ತಾ ಅಪ್ಪಯ್ಯ? ರಾಶಿ ಎಷ್ಟಿದ್ದು?” ಎಂದ ಮೊನ್ನೆ ಭಾನುವಾರ. ಹೇಳಿದೆ. “ನಿನ್ನ ತಾರೀಖು?” ಎಂದೆ.

“ಸ್ಥಿರ” ಎಂದ.