ಇಂಡಿಯ ತಾಂಡಾ, ನಮ್ಮ ಕಡಲು

ಜೂನ್ 16

ವಿಜಯಪುರ ಎಂದರೆ ನಿಮಗೇನು ಗೊತ್ತು ಎಂದು ಇವತ್ತು ಐದನೆಯ ತರಗತಿಯವರನ್ನು ಕೇಳಿದೆ. ಗೋಲಗುಮ್ಮಟ ಎಂಬ ಪುಸ್ತಕದ ಉತ್ತರ ತಕ್ಷಣ ಬಂತು. ಆಮೇಲೆ ಹಿಂದಿನ ಸಾಲಿನಿಂದ, "ಟೀಚರ್, ಅಲ್ಲಿಂದ ಕೆಲಸದವರು ಬರ್ತಾರೆ."

ನಮ್ಮ ಉಡುಪಿ ಕಡೆಯ ಮಕ್ಕಳು ಆ ಜಿಲ್ಲೆಯನ್ನು ಕಂಡದ್ದು ಅಷ್ಟೇ: ಕಟ್ಟಡದ ಮೇಲೆ, ತಗಡಿನ ಶೆಡ್ಡಿನ ಮುಂದೆ. ತರಬೇತಿಯಲ್ಲಿ ಪರಿಚಯವಾದ, ಅದೇ ಜಿಲ್ಲೆಯ ಇಂಡಿ ತಾಲ್ಲೂಕಿನ ತಾಂಡಾ ಶಾಲೆಯ ಗುರುಗಳ ಜೊತೆ ವಿಡಿಯೊ ಕರೆ ಗೊತ್ತುಮಾಡಿರುವುದು ಅದಕ್ಕೇ. ಹೊರದೇಶದ ಶಾಲೆ ಸಿಕ್ಕರೆ ಪತ್ರಿಕೆಯಲ್ಲಿ ಬರುತ್ತದೆ ಎಂದರು ಸ್ಟಾಫ್ ರೂಮಿನಲ್ಲಿ. ಇರಬಹುದು. ದಾರಿಯಲ್ಲಿ ದಿನವೂ ಕಂಡು ಮಾತಾಡಿಸದವರ ಊರನ್ನು ಮಕ್ಕಳು ಮೊದಲು ನೋಡಲಿ ಎಂಬುದು ನನ್ನಾಸೆ.

ಜೂನ್ 24

ಮೊದಲ ಕರೆ. 'ಮಿಸ್ಟರಿ ಸ್ಕೈಪ್' ಆಟದಿಂದ ಶುರುಮಾಡಿದೆವು. ಹೌದು ಅಥವಾ ಇಲ್ಲ ಎಂಬ ಉತ್ತರ ಬರುವ ಪ್ರಶ್ನೆಗಳನ್ನೇ ಕೇಳಿ ಎದುರಿನ ತರಗತಿಯ ಊರು ಪತ್ತೆಹಚ್ಚಬೇಕು. ಸ್ಕೈಪ್ 2025ರ ಮೇ ತಿಂಗಳಲ್ಲಿ ಮುಚ್ಚಿಹೋಯಿತು. ಆಟ ಉಳಿದಿದೆ, ಗೂಗಲ್ ಮೀಟ್‌ನಲ್ಲೂ ನಡೆಯುತ್ತದೆ. ಮಕ್ಕಳು ಗೋಡೆಯ ನಕಾಶೆಗೆ ಮುತ್ತಿಕೊಂಡರು. ಕೃಷ್ಣೆ ಹತ್ತಿರವೇ? ಮಹಾರಾಷ್ಟ್ರದ ಗಡಿಯೇ? ಕೊನೆಗೆ ಆ ಕಡೆಯ ಹುಡುಗಿಯೊಬ್ಬಳು ನಿಂಬೆಹಣ್ಣು ಎತ್ತಿ ತೋರಿಸಿದಳು. ಇಂಡಿ ನಿಂಬೆಗೆ ಭೌಗೋಳಿಕ ಸೂಚ್ಯಂಕ ಸಿಕ್ಕಿದೆ ಎಂದು ಆಮೇಲೆ ನಾನು ಹೇಳಿದೆ.

ಎಲ್ಲರೂ ಒಟ್ಟಿಗೆ ಕೂಗಿದರೆ ಏನೂ ಕೇಳಿಸುವುದಿಲ್ಲ. ಮುಂದಿನ ಸಲದಿಂದ ಇಬ್ಬಿಬ್ಬರೇ ಫೋನಿನ ಮುಂದೆ. ರೆಕಾರ್ಡ್ ಮಾಡುವುದಿಲ್ಲ, ಸ್ಟೇಟಸ್‌ಗೆ ಹಾಕುವುದಿಲ್ಲ ಎಂದು ಇಬ್ಬರೂ ಶಿಕ್ಷಕರು ಒಪ್ಪಿಕೊಂಡಿದ್ದೇವೆ.

ಜುಲೈ 3

ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟರು. ಕರೆ ಇಲ್ಲ.

ಜುಲೈ 8

ಎರಡೂ ಶಾಲೆಯವರು ಬಾಟಲಿ ಕತ್ತರಿಸಿ, ಪಟ್ಟಿ ಅಂಟಿಸಿ ಮಳೆಮಾಪಕ ಮಾಡಿದ್ದಾರೆ. ನಮ್ಮದು ಒಂದೇ ರಾತ್ರಿಗೆ ತುಂಬಿ ಚೆಲ್ಲಿತ್ತು. ಅವರದರ ತಳವಷ್ಟೇ ಒದ್ದೆ. ಉಡುಪಿಯಲ್ಲಿ ವರ್ಷಕ್ಕೆ 4,000 ಮಿ.ಮೀ. ದಾಟುವ ಮಳೆ, ವಿಜಯಪುರದಲ್ಲಿ 600ರ ಆಸುಪಾಸು. ಪಾಠದಲ್ಲಿ ನಾನು ಇದನ್ನು ಎಷ್ಟೋ ವರ್ಷ ಹೇಳಿದ್ದೇನೆ, ಯಾರೂ ಹುಬ್ಬೇರಿಸಿರಲಿಲ್ಲ. ಇವತ್ತು ಏರಿಸಿದರು. ರಜೆಯ ಸುದ್ದಿ ಕೇಳಿ ಅಲ್ಲಿಯ ಹುಡುಗನಿಗೂ ಅಷ್ಟೇ ಆಶ್ಚರ್ಯ: "ಮಳಿ ಬಂದ್ರ ನಿಮಗ ಸಾಲಿ ಸೂಟಿ ಏನ್ರಿ? ನಮ್ ಕಡಿ ಮಳಿ ಬಂದ್ರ ಬಿತ್ತಾಕ ಹೋಗ್ತಾರ್ರಿ."

ಜುಲೈ 22

ಇವತ್ತಿನದು ನಾನು ಯೋಜಿಸಿದ್ದಲ್ಲ. ನಮ್ಮ ಮೀನುಗಾರರ ಮನೆಯ ಹುಡುಗಿ, ಅಪ್ಪ ಈಗ ಮನೆಯಲ್ಲೇ ಇದ್ದಾರೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ ಎಂದಳು. ಆ ಕಡೆಯಿಂದ ಒಬ್ಬ, "ನಮ್ಮಪ್ಪನೂ ಮನ್ಯಾಗ ಅದಾನ್ರಿ. ಮಣಿಪಾಲದಾಗ ಸೆಂಟ್ರಿಂಗ್ ಕೆಲಸ, ಮಳಿಗೆ ಬಂದ್ ಆಗ್ಯದ್ರಿ. ತೊಗರಿ ಬಿತ್ತಾಕ ಬಂದಾನ."

ಮಣಿಪಾಲದಲ್ಲಿ ಎಲ್ಲಿ, ಯಾವ ಬಿಲ್ಡಿಂಗ್, ಅಪ್ಪ ನಿನಗೆ ಏನು ತಂದರು ಎಂದು ನಮ್ಮವರು ಸಾಲುಸಾಲಾಗಿ ಕೇಳಿದರು. ಅವನ ಮನೆಯಲ್ಲಿ ಲಂಬಾಣಿ, ಇವಳ ಮನೆಯಲ್ಲಿ ಕೊಂಕಣಿ. ಇಬ್ಬರೂ ಮಾತಾಡಿದ್ದು ಶಾಲೆಯಲ್ಲಿ ಕಲಿತ ಕನ್ನಡ. ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಬರೀ ನೋಡುವುದರಿಂದ ಪೂರ್ವಗ್ರಹ ಹೋಗುವುದಿಲ್ಲ, ಸಮಾನರಾಗಿ ಕೂಡಿ ಒಂದು ಕೆಲಸ ಮಾಡಬೇಕು ಎಂದು ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಬರೆದದ್ದನ್ನು ಬಿ.ಎಡ್‌ನಲ್ಲಿ ಓದಿದ್ದೆ. ಆ ಬಾಟಲಿಗಳಿಲ್ಲದಿದ್ದರೆ ಅಪ್ಪಂದಿರ ಮಾತು ಬರುತ್ತಿತ್ತೇ? ಬರುತ್ತಿರಲಿಲ್ಲ ಎಂದೇ ನನಗನಿಸುತ್ತದೆ.

ಆಗಸ್ಟ್ 5

ಸ್ವಾತಂತ್ರ್ಯ ದಿನಕ್ಕೆ ಎರಡೂ ಕಡೆಯಿಂದ ನೃತ್ಯ ಇಡೋಣ, ಅಧಿಕಾರಿಗಳನ್ನು ಕರೆಯೋಣ ಎಂಬ ಸಲಹೆ ಬಂದಿದೆ. ಒಪ್ಪಲಿಲ್ಲ. ವೇಷ ಹಾಕಿ ವೇದಿಕೆಗೆ ಬಂದ ಮಕ್ಕಳು ಪರಸ್ಪರ ಏನನ್ನೂ ಕೇಳುವುದಿಲ್ಲ. ಈ ಕರೆಗಳ ಜೀವವೇ ಅವರ ಪ್ರಶ್ನೆ.

ಗುರುಗಳು ಸಂಜೆ ಫೋನ್ ಮಾಡಿದ್ದರು. ದೀಪಾವಳಿ ಕಳೆದ ಮೇಲೆ ಅವರ ತರಗತಿಯ ಕೆಲವರು ತಂದೆತಾಯಿಯ ಜೊತೆ ಗುಳೆ ಹೊರಡುತ್ತಾರಂತೆ. ಒಂದೆರಡು ಮನೆಯವರು ನಮ್ಮ ಕಡೆಗೇ. ಬಂದ ದಿನವೇ ಮಕ್ಕಳನ್ನು ಶಾಲೆಗೆ ಕಳಿಸಲು ಹೇಳಿ ಎಂದೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಹಾಗಿದೆ.