ಯಜಮಾನನ ಐಬು

ಊರಮನೆ ವರ್ಕ್‌ಶಾಪಿಗೆ ಅಂತ ಪೀಣ್ಯದಲ್ಲಿ ಹಳೇ ಎಚ್‌ಎಂಟಿ ಸರ್ಫೇಸ್ ಗ್ರೈಂಡರ್ ನೋಡಿದೆ. ಹೊಸ ಬಣ್ಣ ನಂಬಬೇಡಿ. ಮ್ಯಾಗ್ನೆಟಿಕ್ ಚಕ್ ಮೇಲೆ ಡಯಲ್ ಓಡಿಸಿದರೆ ಮುಳ್ಳು ಅಲ್ಲಾಡಲಿಲ್ಲ. ಅದೇ ಮೆಷಿನ್ ಉಜ್ಜಿದ ಚಕ್ ಅದು, ಯಜಮಾನನ ಐಬು ಹೇಳುತ್ತಾ? ಸ್ಟ್ರೈಟ್ ಎಡ್ಜ್ ಇಟ್ಟೆ: ನಡುವೆ 20 ಮೈಕ್ರಾನ್ ತಗ್ಗು. ಗೈಡ್‌ವೇ ಸವೆದಿದೆ, ಕೈಯಲ್ಲೇ ಸ್ಕ್ರೇಪ್ ಮಾಡಬೇಕು.

ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿ 2016ರಲ್ಲಿ ಮುಚ್ಚಿತಲ್ಲ, ಅದರ ಟೂಲ್‌ರೂಮಲ್ಲಿದ್ದವರೊಬ್ಬರು ಕೊರಟಗೆರೆಯಲ್ಲಿ ಸಿಕ್ಕರು. "ಸ್ಪಿಂಡಲ್ ಚೆನ್ನಾಗಿದ್ರೆ ತಗೊ. ಸ್ಕ್ರೇಪಿಂಗ್ ನಾನು ಹೇಳಿಕೊಡ್ತೀನಿ, ಬೇಗ ಕಲಿ. ನನ್ನ ಕಣ್ಣು ಮಂಜಾಗ್ತಿದೆ" ಅಂದರು.

ಚೌಕಾಸಿ ಮಾಡಿ ಲಾರಿ ಹತ್ತಿಸಿದೆ. ಪಕ್ಕದ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್; ಮಧುಗಿರಿ ಕಡೆಯ ನಮ್ಮೂರಿಗೆ ತ್ರೀ ಫೇಸ್ ಪಂಪ್‌ಸೆಟ್ ಹೊತ್ತಿಗೆ ಮಾತ್ರ! ಸಿಂಗಲ್ ಫೇಸಿಗೇ ವಿಎಫ್‌ಡಿ ಹಾಕಿದ್ದೀನಿ. ಭಾನುವಾರ ಅವರು ಬರ್ತಾರೆ.